ರೀಲಿಲ್ಲದ ಕ್ಯಾಮೆರಾ ಕೊಳ್ಳುವವರಿಗೆ ಹತ್ತು ಸೂಚನೆಗಳು

ಎಲ್ಲಿಂದ ಶುರು ಮಾಡಬೇಕು ಎಂಬ ತಲೆನೋವನ್ನು ರಾವಸಾಹೇಬರು ನನಗೆ ಬಿಟ್ಟಿರಲಿಲ್ಲ. ಬೆಳಗಾವಿಯಲ್ಲಿ ಅವರದೊಂದು ಮಾಸಪತ್ರಿಕೆ. ‘ಡಿಜಿಟಲ್ ಕ್ಯಾಮೆರಾ ತಗೊಳ್ಳೋ ಮುಂದ ಹತ್ತು ಸೂಚನೆ ಅಂತ ಬರೀರಿ. ಒಂದನೇ ನಂಬರಿನಿಂದ ಸುರು ಮಾಡ್ರಿ, ಹತ್ತಕ್ಕ ನಿಲ್ಲಸ್ರಿ. ನಡುವ ಕಥಿ ಹೇಳಾಕ ಹೋಗಬ್ಯಾಡ್ರಿ,’ ಎಂದು ಫೋನಿನಲ್ಲೇ ಮೂಗುದಾರ ಹಾಕಿದ್ದರು. ಇಸವಿ ಎರಡು ಸಾವಿರದ ನಾಲ್ಕು. ನಾನು ಒಂದು ಎಂದು ಬರೆದು, ಚಹಾ ಕುಡಿದು ಬಂದು ನೋಡಿದರೆ ಆ ಒಂದರ ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿದ್ದ.

(ಸುಳ್ಳು. ಕೂರಿಸಿದವನು ನಾನೇ. ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಹಾಗಾಗಿ ಕ್ಯಾಮೆರಾ ಇರುವ ಒಬ್ಬನ ಅಗತ್ಯವಿತ್ತು.)

ಹೆಸರು ಶ್ರೇಣಿಕ. ವಯಸ್ಸು ನಲವತ್ತೊಂದು. ಮೂಡಲಗಿಯ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಹೆಂಡತಿ ಶುಭಾಂಗಿ ಹುಕ್ಕೇರಿಯವಳು. ತಾಯಿ ಜಿನ್ನವ್ವ ಇವನ ಜೊತೆ ಇರುವುದಿಲ್ಲ. ಕಲ್ಲೋಳಿಯಲ್ಲಿ ಹೊಲ ನೋಡಿಕೊಂಡಿರುವ ಹಿರಿಯ ಮಗ ಅಪ್ಪಣ್ಣನ ಮನೆಯಲ್ಲಿದ್ದಾಳೆ.

1.
ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಮದುವೆ ಆಲ್ಬಮ್ಮಿನ ಅಳತೆಗೆ ಮೂರೋ ನಾಲ್ಕೋ ಸಾಕು. ಝೂಮ್ ನೋಡುವಾಗ ಆಪ್ಟಿಕಲ್, ಅಂದರೆ ಲೆನ್ಸಿನದೇ ಝೂಮ್, ಎಷ್ಟು ಎಂದಷ್ಟೇ ಕೇಳಿ. ಡಿಜಿಟಲ್ ಝೂಮ್ ಎಂಬುದು ಇದ್ದ ಚಿತ್ರವನ್ನೇ ಎಳೆದು ದೊಡ್ಡದು ಮಾಡುವ ಕೆಲಸ, ಅದನ್ನು ಮನೆಯಲ್ಲೂ ಮಾಡಬಹುದು.

ಇದು ನನ್ನ ಜ್ಞಾನವಲ್ಲ. ಗೋಕಾಕದಲ್ಲಿ ಕಲರ್ ಲ್ಯಾಬ್ ನಡೆಸುವ ಮಲ್ಲೇಶ ಶ್ರೇಣಿಕನಿಗೆ ಹೇಳಿದ್ದು. ಸುತ್ತಲಿನ ಸ್ಟುಡಿಯೋದವರ ರೀಲುಗಳೆಲ್ಲ ಅವನಲ್ಲಿಗೇ ತೊಳೆಯಲು ಬರುತ್ತಿದ್ದವು. ‘ಮದವಿ ಸೀಸನ್ ಬರೂದ್ರೊಳಗ ತಗೋಪಾ,’ ಎಂದಿದ್ದ ಮಲ್ಲೇಶ. ‘ಇಲ್ಲಾಂದ್ರ ಹುಕ್ಕೇರಿಯವರು ಬಂದು ನಿನ್ನ ಗಿರಾಕಿ ಒಯ್ತಾರ.’ ಶ್ರೇಣಿಕ ತಲೆಯಾಡಿಸಿದ. ಅವನು ಕ್ಯಾಮೆರಾ ಕೊಂಡದ್ದು ಗಿರಾಕಿಗಳಿಗಾಗಿ ಆಗಿರಲಿಲ್ಲ.

2. (ಕೈಬಿಟ್ಟ ಕರಡು)
ಹುಕ್ಕೇರಿಯಿಂದ ಒಬ್ಬ ಪ್ರತಿಸ್ಪರ್ಧಿ ಬರುತ್ತಾನೆ. ಅವನ ಕ್ಯಾಮೆರಾ ಇವನದಕ್ಕಿಂತ ದೊಡ್ಡದು. ಒಂದೇ ಮದುವೆಯಲ್ಲಿ ಇಬ್ಬರೂ ಎದುರಾಗುತ್ತಾರೆ. ಎರಡು ಪುಟ ಬರೆದೆ. ಶುಭಾಂಗಿ ಓದಿ, ‘ನಮ್ಮ ತವರಮನಿ ಊರಂದ್ರ ನಿಮಗ ಅಷ್ಟ ಸಿಟ್ಟ ಯಾಕ್ರಿ?’ ಎಂದಳು. ಹರಿದು ಹಾಕಿದೆ.

2. (ಮತ್ತೆ)
ಕ್ಯಾಮೆರಾ ಯಾತಕ್ಕೆ ಬೇಕು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ತೊಂಬತ್ತೊಂದನೇ ಇಸವಿಯ ಚಾತುರ್ಮಾಸದಲ್ಲಿ ಕಲ್ಲೋಳಿಯ ಬಸದಿಗೆ ಬಂದಿದ್ದ ಜೈನ ಮುನಿ ಮಹಾರಾಜರು, ದಿನಬಳಕೆಯ ಯಾವ ಯಾವ ವಸ್ತುವಿನಲ್ಲಿ ಹಿಂಸೆ ಅಡಗಿದೆ ಎಂದು ಪ್ರವಚನದಲ್ಲಿ ಒಂದೊಂದಾಗಿ ಹೇಳುತ್ತ ಹೋದರು. ರೇಷ್ಮೆ ಬಂತು, ಜೇನು ಬಂತು, ಸೊಂಟದ ಬೆಲ್ಟು ಬಂತು. ಕೊನೆಗೆ ಫೋಟೋ ರೀಲು. ರೀಲಿನ ಮೇಲೆ ಬಳಿಯುವ ಅಂಟು ದನದ ಎಲುಬು, ಚರ್ಮ ಕುದಿಸಿ ತೆಗೆದದ್ದು ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಜಿನ್ನವ್ವ ತಕ್ಷಣ ಯಾವ ನೇಮವನ್ನೂ ಹಿಡಿಯಲಿಲ್ಲ. ಮಗ ಅದೇ ಕಸಬಿನವನು, ಅವನನ್ನು ಕೇಳಿದರಾಯಿತು ಎಂದುಕೊಂಡಳು. ‘ಶ್ರೇಣ್ಯಾ, ಖರೇನೋ?’ ಎಂದು ಕೇಳಿದಳು. ಕೊಲ್ಲಾಪುರದಲ್ಲಿ ಕೆಲಸ ಕಲಿಯುವಾಗಲೇ ಶ್ರೇಣಿಕನಿಗೆ ಅದು ಗೊತ್ತಾಗಿತ್ತು. ‘ಹೌದವ್ವಾ,’ ಎಂದ.

ಆಕೆ ಬೈಯಲಿಲ್ಲ. ಮುಂದಿನ ಸಲ ಮೂಡಲಗಿಗೆ ಬಂದಾಗ ಒಂದು ಬಿಳಿ ಬಟ್ಟೆಯ ಗಂಟು ತಂದಳು. ಒಳಗೆ ಕಲ್ಲೋಳಿ ಹೊಲದ ಜೋಳದ ಹಿಟ್ಟು, ರೀಲಿನ ದುಡ್ಡು ತಾಗದ್ದು. ‘ನನ್ನ ರೊಟ್ಟಿ ಇದರದ ಮಾಡವಾ,’ ಎಂದು ಶುಭಾಂಗಿಯ ಕೈಗೆ ಕೊಟ್ಟಳು. ಅಂದಿನಿಂದ ಹದಿಮೂರು ವರ್ಷ ಬಂದಾಗಲೆಲ್ಲ ಗಂಟು ತಂದಳು. ಸ್ಟುಡಿಯೋ ದಾಟದೆ ಹಿತ್ತಲ ಬಾಗಿಲಿಂದ ಒಳಗೆ ಬಂದಳು. ಫೋಟೋಕ್ಕೆ ಒಮ್ಮೆಯೂ ಕೂರಲಿಲ್ಲ. ಉಳಿದಂತೆ ನಕ್ಕಳು, ಹರಟಿದಳು, ಮಗನ ತಲೆಗೆ ಎಣ್ಣೆ ಹಚ್ಚಿದಳು.

‘ನಿಮ್ಮವ್ವ ಬೈದಿದ್ರ ಚೊಲೋ ಇತ್ತು,’ ಎನ್ನುತ್ತಿದ್ದಳು ಶುಭಾಂಗಿ. ‘ಬೈದ್ರ ತಿರುಗಿ ಏನರ ಅನಬಹುದು. ಹಿಟ್ಟಿಗೆ ಏನ್ ಅನ್ನೂದು?’

ಶ್ರೇಣಿಕನಿಗೆ ಬೇಕಾಗಿದ್ದದ್ದು ಒಂದೇ. ಅವ್ವ ಒಂದು ದಿನ ತನ್ನ ಮನೆಯ ಡಬ್ಬಿಯ ಹಿಟ್ಟಿನ ರೊಟ್ಟಿ ತಿನ್ನಬೇಕು. ಕ್ಯಾಮೆರಾ ಕೊಂಡದ್ದು ಅದಕ್ಕೆ.

(ರಾವಸಾಹೇಬರೇ, ಕಥೆ ನಡುವೆ ಬಂದಿದೆ. ನಂಬರು ಬಿಟ್ಟಿಲ್ಲ.)

4.
ಮೂರನೆಯದು ಕಳೆದುಹೋಗಿದೆ. ಟ್ರೈಪಾಡ್ ಬಗ್ಗೆ ಇತ್ತು. ಒಂದು ಕೊಳ್ಳಿ, ಸಾಕು.

ಮೆಮೊರಿ ಕಾರ್ಡಿಗೆ ಬೆಳಕು ತಾಗಿದರೆ ಏನೂ ಆಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಶ್ರೇಣಿಕ ಮೊದಲ ಎರಡು ವಾರ ಕಾರ್ಡನ್ನು ಕಪ್ಪು ಬಟ್ಟೆಯ ಚೀಲದೊಳಗೆ ಕೈ ತೂರಿಸಿಯೇ ಹಾಕಿ ತೆಗೆದ. ಇಪ್ಪತ್ತು ವರ್ಷ ರೀಲು ಬದಲಿಸಿದ ಕೈಗಳು ಅವು. ಮಲ್ಲೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಆದರೆ ನನ್ನ ನಗು ಕಾಗದದ ಮೇಲಿನದು. ಕ್ಯಾಮೆರಾದ ಜೊತೆ ಬರುವ ಕಾರ್ಡಿನಲ್ಲಿ ಹತ್ತು ಫೋಟೋ ಹಿಡಿಸಿದರೆ ಹೆಚ್ಚು, ದೊಡ್ಡದೊಂದನ್ನು ಬೇರೆ ಕೊಳ್ಳಿ.

ಆ ಕ್ಯಾಮೆರಾ ಹಿಡಿದುಕೊಂಡು ಶ್ರೇಣಿಕ ಕಲ್ಲೋಳಿಗೆ ಹೋದ. ಅವ್ವನ ಮುಂದೆ ಅದರ ಮುಚ್ಚಳ ತೆಗೆದು ತೋರಿಸಿದ.

‘ಅವ್ವಾ, ನೋಡು. ಇದರಾಗ ರೀಲ ಇಲ್ಲ. ಅಂಟೂ ಇಲ್ಲ, ಎಲುಬೂ ಇಲ್ಲ.’

‘ಮತ್ತ ಏನೈತಿ?’

‘ಕರೆಂಟು.’

ಜಿನ್ನವ್ವ ಕಣ್ಣು ಕಿರಿದು ಮಾಡಿ ಒಳಗೆ ಇಣುಕಿದಳು. ‘ಹಂಗಾದ್ರ ಶುಕ್ರವಾರ ಬರ್ತೇನಿ. ಕುಂಡ್ರಸು,’ ಎಂದಳು. ಹಿಟ್ಟು ತರಬೇಡ ಎನ್ನುವ ಮಾತು ಶ್ರೇಣಿಕನ ನಾಲಿಗೆಯ ತುದಿಯವರೆಗೆ ಬಂತು. ಅವಸರ ಬೇಡ ಎಂದು ನುಂಗಿಕೊಂಡ.

5.
ಪ್ರಿಂಟ್ ಎಲ್ಲಿ ಹಾಕಿಸುತ್ತೀರಿ ಎಂಬುದನ್ನು ಕ್ಯಾಮೆರಾ ಕೊಳ್ಳುವ ಮೊದಲೇ ವಿಚಾರಿಸಿ. ಶ್ರೇಣಿಕ ವಿಚಾರಿಸಿದ್ದು ಗುರುವಾರ.

‘ಕಾರ್ಡ್ ತಂದು ಕೊಡು, ನಾ ಮಶೀನಿಗೆ ಹಾಕಿ ತಗದ ಕೊಡ್ತೇನಿ. ಮೊದಲಿನಂಗ ಫಸ್ಟ್ ಕ್ಲಾಸ್ ಕಾಗದ,’ ಎಂದ ಮಲ್ಲೇಶ.

‘ಮೊದಲಿನಂಗ ಅಂದ್ರ?’

‘ಅದ ಕಾಗದಪಾ. ಫೋಟೋ ಕಾಗದ.’

ಶ್ರೇಣಿಕ ಲ್ಯಾಬಿನ ಸ್ಟೂಲಿನ ಮೇಲೆ ಕೂತುಬಿಟ್ಟ. ರೀಲಿನ ಮೇಲಿದ್ದ ಅಂಟೇ ಕಾಗದದ ಮೇಲೂ ಇದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಹಾರಾಜರು ಅಂದು ರೀಲು ಎಂದಿದ್ದರು, ಅವ್ವ ರೀಲು ಎಂದು ಕೇಳಿದ್ದಳು, ಇವನೂ ರೀಲನ್ನೊಂದೇ ಹದಿಮೂರು ವರ್ಷ ಹಗೆ ಮಾಡಿಕೊಂಡು ಕೂತಿದ್ದ. ಕಾಗದದ ನೆನಪೇ ಆಗಿರಲಿಲ್ಲ.

‘ಝೆರಾಕ್ಸ್ ಹಾಳಿ ಮ್ಯಾಲ ತಗಿ ಹಂಗಾರ. ಬಣ್ಣ ತೊಳದಂಗ ಬರ್ತದ, ಅಷ್ಟ,’ ಎಂದ ಜಿನ್ನವ್ವನ ಹಿಟ್ಟಿನ ಸಂಗತಿ ಗೊತ್ತಿದ್ದ ಮಲ್ಲೇಶ. ಮಶೀನಿನ ಕಡೆ ತಿರುಗಿ, ‘ಮುದುಕಿಗೆ ಯಾರ ಹೇಳಾಕ ಹೋಗ್ತಾರೋ, ಬಿಡು,’ ಎಂದ.

6, 7.
(ಒಟ್ಟಿಗೆ ಬರೆಯುತ್ತೇನೆ, ಏಕೆಂದರೆ ಜಿನ್ನವ್ವ ಬಂದು ಕೂತಿದ್ದಾಳೆ. ಕಾಯಿಸುವುದು ಸರಿಯಲ್ಲ.)

ಬಿಳಿ ಸೀರೆ ಉಟ್ಟವರು ಚೌಕಟ್ಟು ತುಂಬಿದ್ದರೆ ಕ್ಯಾಮೆರಾ ಬಿಳಿಯನ್ನು ಬೂದಿ ಮಾಡುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಬೆಳಕಿನ ಅಳತೆಯನ್ನು, ಅರ್ಧ ಹೆಜ್ಜೆ ಪ್ಲಸ್ ಮಾಡಿಕೊಳ್ಳಿ. ಕಿಟಕಿಯ ಬೆಳಕಿದ್ದರೆ ಫ್ಲ್ಯಾಶ್ ಬೇಡ. ಬಟನ್ ಒತ್ತಿದ ಕೂಡಲೇ ಫೋಟೋ ಬರುವುದಿಲ್ಲ, ಒಂದು ಗಳಿಗೆ ಹಿಡಿಯುತ್ತದೆ. ಮೊದಲು ಅರ್ಧ ಒತ್ತಿ ಹಿಡಿದಿರಿ, ಆಮೇಲೆ ಪೂರ್ತಿ.

ಹದಿಮೂರು ವರ್ಷದ ಮೇಲೆ ಆಕೆ ಮುಂದಿನ ಬಾಗಿಲಿಂದ ಬಂದಿದ್ದಳು. ಕೈಯಲ್ಲಿ ಗಂಟು ಇತ್ತು. ಸ್ಟುಡಿಯೋದ ಟೀಪಾಯಿಯ ಮೇಲೆ ಅದನ್ನಿಟ್ಟು, ಸೆರಗು ಸರಿ ಮಾಡಿಕೊಂಡು ಕೂತಳು. ಮೊದಲ ಫೋಟೋದಲ್ಲಿ ಣಮೋಕಾರ ಮಂತ್ರ ಹೇಳುತ್ತ ಕಣ್ಣು ಮುಚ್ಚಿದ್ದಳು. ಎರಡನೆಯದರಲ್ಲಿ ಮುಗಿಯಿತೆಂದು ಏಳುತ್ತಿದ್ದಳು. ಶ್ರೇಣಿಕನ ಬೆರಳು ಇನ್ನೂ ಹಳೆಯ ಕ್ಯಾಮೆರಾದ ಲೆಕ್ಕದಲ್ಲೇ ಇತ್ತು. ಮೂರನೆಯದಕ್ಕೆ ಅರ್ಧ ಒತ್ತಿ ಹಿಡಿದ. ಆಕೆ ‘ಆತೇನು?’ ಎಂದು ಕೇಳಿದಾಗ ಪೂರ್ತಿ ಒತ್ತಿದ.

ಆ ಮೂರನೆಯದು ಚೆನ್ನಾಗಿ ಬಂತು.

8.
ಕ್ಯಾಮೆರಾದ ಬೆನ್ನಿನ ಪರದೆಯನ್ನು ಬಿಸಿಲಿಗೆ ಹಿಡಿದು ನೋಡಬೇಡಿ, ಕಾಣುವುದಿಲ್ಲ. ಪೆನ್‌ಸೆಲ್‌ಗಳ ಜೀವ ಹೆಚ್ಚಾಗಿ ಈ ಪರದೆಯೇ ತಿನ್ನುತ್ತದೆ. ಚಾರ್ಜ್ ಮಾಡುವ ಸೆಲ್‌ಗಳನ್ನೇ ಕೊಳ್ಳಿ, ಎರಡು ಜೋಡಿ.

ಶ್ರೇಣಿಕ ಪಕ್ಕದಲ್ಲಿ ಕೂತು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಪರದೆಯನ್ನು ತೋರಿಸಿದ. ಜಿನ್ನವ್ವ ನೋಡಿದಳು. ಬಹಳ ಹೊತ್ತು ನೋಡಿದಳು.

‘ಇಕಿ ನಮ್ಮವ್ವ,’ ಎಂದಳು.

‘ನೀನ ಅವ್ವಾ.’

‘ನಾ ಅನ್ನೂದು ಗೊತ್ತೈತೋ. ಖರೆ ಮುಖ ನಮ್ಮವ್ವಂದು. ಯಾವಾಗ ಬಂತೋ ಇದು?’ ಪರದೆ ತಾನಾಗಿ ಆರಿತು. ‘ಎಲ್ಲಿ ಹ್ವಾದ್ಲು?’ ಎಂದು ಆಕೆ ಗಾಬರಿಯಾದಳು. ಶ್ರೇಣಿಕ ಬಟನ್ ಒತ್ತಿ ಮತ್ತೆ ತೋರಿಸಿದ.

ಆಗ ಆಕೆ ಕೇಳಿದಳು. ‘ಇದನ್ನ ಕಾಗದದ ಮ್ಯಾಲ ತಗಿತೀಯಲ್ಲ. ಆ ಕಾಗದದಾಗ ಏನಿಲ್ಲಲ್ಲೋ?’

9. ಮುಕ್ತಾಯಗಳು

ಅ) ‘ಏನೂ ಇಲ್ಲವ್ವಾ,’ ಎಂದ ಶ್ರೇಣಿಕ. ಫೋಟೋ ಗೋಡೆಗೆ ಬಂತು. ಗಂಟು ಬಿಚ್ಚಲಿಲ್ಲ. ಅವ್ವ ಡಬ್ಬಿಯ ಹಿಟ್ಟಿನ ಎರಡು ರೊಟ್ಟಿ ತಿಂದಳು.

ಇಷ್ಟು ಬರೆದು ಖುಷಿಯಿಂದ ಪೆನ್ನು ಇಟ್ಟೆ. ಶ್ರೇಣಿಕ ಎದ್ದು ನಿಂತ. ‘ಏನ್ರಿ ಇದು? ಸುಳ್ಳ ಹೇಳಾಕ ಬರ್ತಿದ್ರ ತೊಂಬತ್ತೊಂದರಾಗ ಹೇಳ್ತಿದ್ನಿಲ್ಲ? ಹದಿಮೂರು ವರ್ಷ ಯಾಕ ಸುಮ್ನ ಕುಂತಿದ್ದೆ ನಾ? ಮತ್ತ, ಆ ಎರಡು ರೊಟ್ಟಿ ನನಗ ನೋಡಾಕ ಆಗ್ತಿತ್ತೇನು?’ ಎಂದ. ಅವನು ಹೇಳಿದ್ದು ಸರಿ. ಹೊಡೆದು ಹಾಕಿದೆ.

ಆ) ‘ಕಾಗದದಾಗೂ ಐತವ್ವಾ,’ ಎಂದ ಶ್ರೇಣಿಕ. ಜಿನ್ನವ್ವ ಮಾತಿಲ್ಲದೆ ಗಂಟು ಎತ್ತಿಕೊಂಡು ಕಲ್ಲೋಳಿ ಬಸ್ಸು ಹತ್ತಿದಳು. ಧೂಳು.

ಈ ಸಲ ಜಿನ್ನವ್ವನೇ ತಡೆದಳು. ‘ನಾ ಯಾವಾಗ ಹಂಗ ಎದ್ದ ಹೋಗೇನಿ? ಹದಿಮೂರು ವರ್ಷದಾಗ ಒಮ್ಮಿ ಉಪವಾಸ ಹೋಗೇನೇನು ಈ ಮನಿಯಿಂದ? ನಿನಗ ಬಸ್ಸು, ಧೂಳು ಬೇಕಾಗ್ಯಾವು, ಅದಕ್ಕ ನನ್ನ ಎಬ್ಬಸ್ತಿ,’ ಎಂದಳು. ಧೂಳನ್ನೂ ಹೊಡೆದು ಹಾಕಿದೆ.

ಉಳಿದದ್ದು ಇಷ್ಟು. ಇದಕ್ಕೆ ಯಾರೂ ತಕರಾರು ಮಾಡಿಲ್ಲ.

‘ಕಾಗದದಾಗೂ ಐತವ್ವಾ,’ ಎಂದ ಶ್ರೇಣಿಕ. ‘ಮೊದಲಿಂದೂ ಐತಿ.’

‘ಉಳದವರಿಗೆ ಅದ ಕಾಗದದ ಮ್ಯಾಲ ತಗದ ಕೊಡಾವ?’

‘ಹೌದವ್ವಾ. ಅಂಗಡಿ ನಡೀಬೇಕಲ್ಲ. ನಿಂದೊಂದು ಮಾತ್ರ ತಗ್ಯಾಂಗಿಲ್ಲ. ಇದರಾಗ ಇರ್ತದ.’

ಜಿನ್ನವ್ವ ಟೀಪಾಯಿಯ ಮೇಲಿನ ಗಂಟು ನೋಡಿದಳು. ಮಗನ ಮುಖ ನೋಡಿದಳು. ‘ನೀ ಎರಡ ಸಲಾನೂ ಖರೆ ಹೇಳಿದಿ,’ ಎಂದಳು. ಅದು ಹೊಗಳಿಕೆಯೋ ದೂರೋ ಶ್ರೇಣಿಕನಿಗೆ ತಿಳಿಯಲಿಲ್ಲ. ಪರದೆ ಮತ್ತೆ ಆರಿತ್ತು. ‘ಇನ್ನೊಮ್ಮಿ ತೋರ್ಸು,’ ಎಂದಳು. ಸೆಲ್ಲು ಮುಗಿದಿದ್ದವು. ಶ್ರೇಣಿಕ ಎರಡನೆಯ ಜೋಡಿ ಹಾಕಿದ.

ಅಷ್ಟರಲ್ಲಿ ಒಳಗಿನ ಬಾಗಿಲಲ್ಲಿ ಶುಭಾಂಗಿ ಬಂದು ನಿಂತಳು. ಕೈಯಲ್ಲಿ ಹಿಟ್ಟು ನಾದುವ ಪರಾತ, ಪರಾತದಲ್ಲಿ ಏನೂ ಇರಲಿಲ್ಲ. ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಏರಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

‘ಅತ್ತಿ, ಹೊತ್ತಾತು,’ ಎಂದಳು ಶುಭಾಂಗಿ. ‘ಯಾವ ಹಿಟ್ಟು ನಾದಲಿ?’

ಶ್ರೇಣಿಕ ತಲೆ ಎತ್ತಲಿಲ್ಲ. ನಾನು ಪೆನ್ನು ತೆಗೆದೆ.

ಜಿನ್ನವ್ವ ನನ್ನ ಕಡೆ ತಿರುಗಿದಳು. ‘ನೀ ಮೊದಲ ಹೊರಗ ಹೋಗಪಾ. ಮಂದಿ ಉಣ್ಣೂದನ್ನ ಬರೀತಾರೇನು?’

10.
ರಾವಸಾಹೇಬರೇ, ಈ ಜಾಗ ಖಾಲಿ ಬಿಟ್ಟಿದ್ದೇನೆ. ಓದುಗರು ಕೇಳಿದರೆ, ಲೇಖಕನನ್ನು ಹೊರಗೆ ಹಾಕಿದರು ಎಂದು ಹೇಳಿ. ನಾನು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಾಗಿಲು ಮುಚ್ಚಿದೆ. ಗೋಕಾಕದ ಬಸ್ಸು ಹೋಯಿತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಕಿವಿಗೊಟ್ಟು ಕೇಳಿದೆ. ಯಾವ ಹಿಟ್ಟಾದರೂ ಅದರ ಸಪ್ಪಳ ಒಂದೇ.