ಗುರುತಿಲ್ಲದ ರೊಟ್ಟಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಫೆಸ್ ನಗರದ ಹಳೇಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಸೋಮವಾರ ಬಂದ ಕೋಪಕ್ಕೆ ಯಾರೂ ನನ್ನನ್ನು ದೂರುವಂತಿಲ್ಲ. ನಮ್ಮ ಶಾಲೆಯ ಮುಖ್ಯೋಪಾಧ್ಯಾಯ ಸೀ ಜಾಫರ್ ಅವರಿಗೆ ಒಂದು ಯೋಚನೆ ಹೊಳೆದಿತ್ತು. (ನಮ್ಮಲ್ಲಿ ಗೌರವಕ್ಕೆ ಗಂಡಸರ ಹೆಸರಿನ ಮುಂದೆ ಸೀ, ಹೆಂಗಸರ ಹೆಸರಿನ ಮುಂದೆ ಲಲ್ಲಾ ಸೇರಿಸುತ್ತೇವೆ.) ಮಕ್ಕಳಲ್ಲಿ ಕೃತಿಚೌರ್ಯ ಹೆಚ್ಚಾಗಿದೆ, ಅದು ತಪ್ಪು ಎಂದು ಹೇಳುವ ಪೋಸ್ಟರುಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಿ ಗೋಡೆಗೆ ಅಂಟಿಸಬೇಕು ಎಂದು. ಯೋಚನೆ ಅವರದು, ಕೆಲಸ ಅರಬ್ಬಿ ಪಾಠ ಹೇಳುವ ನನ್ನದು. ಸರಿ ಎಂದು ಮಕ್ಕಳಿಗೆ ಹೇಳಿದೆ. ಸೋಮವಾರ ಎಲ್ಲರೂ ಸುರುಳಿ ಸುತ್ತಿಕೊಂಡು ತಂದರು.

ಮೊದಲ ಸುರುಳಿ ಬಿಚ್ಚಿದರೆ ಮುಖವಾಡದ ಕಳ್ಳನೊಬ್ಬ ಬೆನ್ನ ಮೇಲೆ ಪುಸ್ತಕದ ಗಂಟು ಹೊತ್ತು ಓಡುತ್ತಿದ್ದ. ಎರಡನೆಯದರಲ್ಲೂ ಅದೇ ಕಳ್ಳ. ಮೂರನೆಯದರಲ್ಲೂ ಅವನೇ, ಸ್ವಲ್ಪ ಸೊರಗಿದ್ದ. ಇಡೀ ತರಗತಿ ಇಂಟರ್ನೆಟ್ಟಿನ ಒಂದೇ ಚಿತ್ರವನ್ನು ನೋಡಿಕೊಂಡು ಇಳಿಸಿತ್ತು. ನಕಲು ಮಾಡಬೇಡಿ ಎನ್ನುವ ಚಿತ್ರದ ನಕಲು! ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಕೊನೆಯ ಬೆಂಚಿನ ಇಲ್ಯಾಸನ ಚಿತ್ರದ ಮೂಲೆಯಲ್ಲಿ ಹಸಿರು ಬಣ್ಣದ ಒಂದು ಡಬ್ಬಿ ಬೇರೆ ಇತ್ತು.

"ಇದೇನೋ ಇದು?"

"ಡೌನ್‌ಲೋಡ್ ಬಟನ್, ಟೀಚರ್."

"ಒತ್ತಿದ್ರೆ ಏನಾಗುತ್ತೆ?"

"ಏನಾಗುತ್ತೆ ಟೀಚರ್, ಪೇಪರ್ ಅಲ್ವಾ? ಆದ್ರೆ ಬಣ್ಣ ಹಚ್ಚೋಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಅದಕ್ಕೇ."

ನಗು ಬಂದರೂ ನುಂಗಿಕೊಂಡೆ. ಕಳ್ಳರನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕಿ, ಗಂಟಲು ಹರಿಯುವಂತೆ ಕೇಳಿದೆ. "ಲೋ, ಪಕ್ಕದ ಮನೆಯಾಕೆ ನಾದಿದ ರೊಟ್ಟಿ ಮೇಲೆ ನಿಮ್ಮಮ್ಮ ತನ್ನ ಗುರುತು ಒತ್ತುತ್ತಾಳೇನೋ?"

ಇಲ್ಯಾಸನೇ ಮೆಲ್ಲಗೆ ಅಂದ. "ಹಾಗೆ ಮಾಡಿದ್ರೆ ಬೀದೀಲಿ ಜುಟ್ಟು ಜುಟ್ಟು ಹಿಡೀತಾರೆ, ಟೀಚರ್."

ನಮ್ಮ ಓಣಿಗಳಲ್ಲಿ ಇಂದಿಗೂ ಮನೆಮನೆಯಲ್ಲಿ ಬೆಳಿಗ್ಗೆ ಹಿಟ್ಟು ನಾದಿ, ರೊಟ್ಟಿ ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಬೀದಿಯ ಒಲೆಮನೆಗೆ ಕಳಿಸುತ್ತಾರೆ. ಬೆಂದ ಮೇಲೆ ಎಲ್ಲ ರೊಟ್ಟಿಯೂ ಒಂದೇ ಕಡೆ ಪೇರಿಸಿರುತ್ತದೆ. ಆಗ ಅದು ಯಾರದ್ದೆಂದು ಹೇಳುವುದು ಮೇಲಿನ ಗುರುತು ಮಾತ್ರ. ಒಬ್ಬರು ಮುಳ್ಳುಚಮಚದಿಂದ ಚುಚ್ಚುತ್ತಾರೆ, ಒಬ್ಬರು ಹೊಲಿಗೆಯ ಬೆರಳುಟೋಪಿ ಒತ್ತುತ್ತಾರೆ, ನಮ್ಮ ಮನೆಯದು ಹಳೇ ಬೀಗದ ಕೈ. ಬೇರೆಯವರ ರೊಟ್ಟಿ ಎತ್ತಿಕೊಂಡು ಹೋದವಳು ಎಂದು ಒಮ್ಮೆ ಹೆಸರು ಬಂದರೆ ಮಗಳಿಗೆ ಗಂಡು ಸಿಗುವುದೂ ಕಷ್ಟ.

"ನಾಳೆ ಎಲ್ಲರೂ ನಿಮ್ಮ ಮನೆ ರೊಟ್ಟಿಯಿಂದ ಶುರು ಮಾಡಿ" ಎಂದೆ. "ಕಳ್ಳ ಬೇಡ, ಬಟನ್ ಬೇಡ. ನಿಮ್ಮದೇ ತಲೆ ಓಡಿಸಿ."

ಮಾರನೆಯ ದಿನ ನಮ್ಮ ತರಗತಿಯನ್ನು ನೋಡಬೇಕಿತ್ತು! ಗೋಡೆಯ ತುಂಬ ರೊಟ್ಟಿ. ಹಸಿದವರು ಯಾರೂ ಒಳಗೆ ಬರುವಂತಿರಲಿಲ್ಲ. ಅವುಗಳಲ್ಲಿ ಯಾಮ್ನಾಳದು ಎಲ್ಲಕ್ಕಿಂತ ಚೆಂದವಾಗಿತ್ತು. ಯಾಮ್ನಾ ಎರಡು ಮಾತಿಗೆ ಒಂದು ಆಡುವ ಹುಡುಗಿ. ಹಾಳೆಯ ತುಂಬ ಒಂದೇ ಒಂದು ದುಂಡು ರೊಟ್ಟಿ, ಬಿಸಿ ಆರಿಲ್ಲವೇನೋ ಎನ್ನುವಂಥ ಹಳದಿ ಬಣ್ಣ, ಅಂಚಿನಲ್ಲಿ ಯಾರೋ ಕಚ್ಚಿದ ಗುರುತು. ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು: 'ಗುರುತಿಲ್ಲದ ರೊಟ್ಟಿ ಯಾರ ಹೊಟ್ಟೆಯನ್ನಾದರೂ ತುಂಬೀತು, ಮನೆಯನ್ನು ಮಾತ್ರ ಸೇರದು.'

ಸೀ ಜಾಫರ್ ಅದನ್ನು ನೋಡಿ ಕುಣಿದಾಡಿದ್ದೊಂದು ಬಾಕಿ. "ಬಹುಮಾನ ನಮ್ಮದೇ!" ಎಂದರು. ಗುರುವಾರ ಶಾಲಾ ಇನ್‌ಸ್ಪೆಕ್ಟರ್ ಬಂದು ಒಂದು ಪೋಸ್ಟರ್ ಆರಿಸುತ್ತಾರೆ, ಅದನ್ನು ಮಾಡಿದ ಮಗುವಿಗೆ ಅಸೀಲಾದಲ್ಲಿ ಕಡಲ ದಂಡೆಯ ಬೇಸಿಗೆ ಶಿಬಿರ. ಯಾಮ್ನಾ ಸಮುದ್ರವನ್ನೇ ಕಂಡವಳಲ್ಲ. ಅಂದು ಸಂಜೆ ಚೀಲ ಹೆಗಲಿಗೇರಿಸಿಕೊಂಡು ನನ್ನ ಹತ್ತಿರ ಬಂದು, "ಟೀಚರ್, ಸಮುದ್ರ ರಾತ್ರಿ ಹೊತ್ತೂ ಸದ್ದು ಮಾಡುತ್ತಾ?" ಎಂದು ಕೇಳಿದಳು. ಮಾಡುತ್ತೆ ಕಣೇ ಎಂದೆ. ಮುಖ ಅರಳಿತು. ಈ ಮಗು ಹೋಗಲೇಬೇಕು ಎಂದು ಆಗಲೇ ನನ್ನ ಮನಸ್ಸು ಹಟ ಹಿಡಿಯಿತು.

ಗುರುವಾರ ಬೆಳಿಗ್ಗೆ ನೋಡಿದರೆ ಪೋಸ್ಟರಿನ ಅಂಚಿನ ಉದ್ದಕ್ಕೂ ಏನೋ ಸಣ್ಣಕ್ಷರ. ಓದಿದೆ. 'ಮಾತು: ನಮ್ಮ ಅಜ್ಜಿ ಹನಿಯಾ. ಹಳದಿ: ಪಕ್ಕದ ಮನೆ ಬಣ್ಣಗಾರ ಸೀ ಅಲ್ಲಾಲ್ ಕೊಟ್ಟ ದಾಳಿಂಬೆ ಸಿಪ್ಪೆಯ ನೀರು. ದುಂಡು: ಅಮ್ಮನ ಬಾಣಲೆ. ಕಚ್ಚಿದ್ದು: ಇಲ್ಯಾಸ್ ಕೊಟ್ಟ ಉಪಾಯ.'

ಸೀ ಜಾಫರ್ ತಲೆ ತಲೆ ಚಚ್ಚಿಕೊಂಡರು. "ಅಳಿಸಿ ಇದನ್ನ! ನಿಯಮ ಏನು ಹೇಳುತ್ತೆ? ವಿದ್ಯಾರ್ಥಿಯ ಸ್ವಂತ ಕೆಲಸ ಅಂತ. ಇಲ್ಲಿ ಅರ್ಧ ಓಣಿಯೇ ಬಂದು ಕೂತಿದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ತಾಳಲ್ಲ ಈ ಹುಡುಗಿ!"

ನನಗೂ ಒಂದು ಗಳಿಗೆ ಅಳಿಸಿಬಿಡಲೇ ಎನ್ನಿಸಿತು. ಯಾಮ್ನಾಳನ್ನು ಪಕ್ಕಕ್ಕೆ ಕರೆದೆ. "ನೋಡಮ್ಮ, ಇದನ್ನ ಹೀಗೇ ಬಿಟ್ರೆ ಸಮುದ್ರ ಕೈ ತಪ್ಪಬಹುದು. ಗೊತ್ತಲ್ವಾ?"

"ಗೊತ್ತು ಟೀಚರ್."

"ಮತ್ತೆ?"

"ನೀವೇ ಹೇಳಿದ್ರಲ್ಲ ಟೀಚರ್, ರೊಟ್ಟಿ ಮೇಲೆ..." ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ಸೀ ಜಾಫರ್ ಚಾಚಿದ ರಬ್ಬರನ್ನು ಮಾತ್ರ ಮುಟ್ಟಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಸೀ ಜಾಫರ್ ಕಡೆ ತಿರುಗಿ, "ಒಂದಕ್ಷರ ಅಳಿಸಿದ್ರೆ ನಾನು ಈ ಗೋಡೆಯ ರೊಟ್ಟೀನೆಲ್ಲ ಕಿತ್ತು ಮನೆಗೆ ಒಯ್ತೀನಿ" ಎಂದೆ. ನನ್ನ ಕೋಪ ಅವರಿಗೆ ಗೊತ್ತು. ರಬ್ಬರನ್ನು ಜೇಬಿಗಿಳಿಸಿದರು.

ಇನ್‌ಸ್ಪೆಕ್ಟರ್ ಸೀ ಬುಶ್ತಾ ದಪ್ಪ ಮೀಸೆಯ ಗಂಭೀರ ಮನುಷ್ಯ. ಬಂದವರೇ ಸಕ್ಕರೆ ಇಲ್ಲದ ಪುದೀನಾ ಚಹಾ ಕೇಳಿದರು. ಆಗಲೇ ನಮ್ಮೆಲ್ಲರ ಎದೆ ಕುಸಿಯಿತು, ಸಿಹಿ ಬೇಡವೆನ್ನುವವನನ್ನು ಒಲಿಸುವುದು ಹೇಗೆ? ಪೋಸ್ಟರ್ ನೋಡಲು ಮನೆಯವರಿಗೂ ಕರೆ ಹೋಗಿತ್ತು. ಬಾಗಿಲ ಬಳಿ ಅಮ್ಮಂದಿರು, ಅಜ್ಜಿಯರು ಗುಂಪುಗಟ್ಟಿ ತಮ್ಮ ತಮ್ಮ ರೊಟ್ಟಿ ಹುಡುಕುತ್ತಿದ್ದರು. ಯಾಮ್ನಾಳ ಅಜ್ಜಿ ಹನಿಯಾ ಎಲ್ಲರಿಗಿಂತ ಮುಂದೆ. ಬಣ್ಣಗಾರ ಅಲ್ಲಾಲ್ ಬಟ್ಟೆಗೆ ಬಣ್ಣ ಅದ್ದಿ ಹಳದಿಯಾದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.

ಇನ್‌ಸ್ಪೆಕ್ಟರ್ ಒಂದೊಂದೇ ನೋಡುತ್ತ ಬಂದು ಯಾಮ್ನಾಳ ರೊಟ್ಟಿಯ ಮುಂದೆ ನಿಂತರು. ಕನ್ನಡಕ ಏರಿಸಿ ಸಣ್ಣಕ್ಷರ ಓದಿದರು.

"ಮಾತು ಅಜ್ಜೀದು, ಬಣ್ಣ ಪಕ್ಕದ ಮನೇದು, ದುಂಡು ಬಾಣಲೇದು. ಮತ್ತೆ ನಿಂದೇನಮ್ಮ ಇದರಲ್ಲಿ?"

ಯಾಮ್ನಾ ನೆಲ ನೋಡಿದಳು. "ನಾದಿದ್ದು ನಾನು, ಸರ್."

ಇನ್‌ಸ್ಪೆಕ್ಟರ್ ಮೀಸೆಯಡಿ ಏನು ನಡೆಯಿತೋ ಕಾಣಲಿಲ್ಲ. ಜೇಬಿನಿಂದ ಚೀಟಿ ತೆಗೆದು ರೊಟ್ಟಿಯ ಮಾತನ್ನು ಬರೆದುಕೊಳ್ಳತೊಡಗಿದರು. "ಒಳ್ಳೇ ಮಾತು. ಮುಂದಿನ ವಾರ ರಬಾತಿನ ಸಭೇಲಿ ನಾನು ಭಾಷಣ ಮಾಡೋದಿದೆ, ಅಲ್ಲಿ ಹೇಳ್ತೀನಿ" ಎಂದು ಚೀಟಿ ಮಡಚಿ ಜೇಬಿಗಿಟ್ಟರು. ಸೀ ಜಾಫರ್ ಹಲ್ಲುಕಿರಿದರು.

ಯಾಮ್ನಾ ಕೈ ಎತ್ತಿದಳು.

"ಸರ್, ಯಾರ ಮಾತು ಅಂತ ಬರ್ಕೊಳ್ಳಲಿಲ್ಲ ನೀವು."

ಸೀ ಜಾಫರ್‌ಗೆ ಬಂದ ಕೆಮ್ಮು ನಿಲ್ಲಲೇ ಇಲ್ಲ. ಹೋಯಿತು, ಸಮುದ್ರ ಹೋಯಿತು ಎಂದುಕೊಂಡೆ. ಇನ್‌ಸ್ಪೆಕ್ಟರ್ ಹುಡುಗಿಯನ್ನು ದಿಟ್ಟಿಸಿ ನೋಡಿದರು. ನಿಧಾನವಾಗಿ ಚೀಟಿಯನ್ನು ಮತ್ತೆ ಹೊರಗೆ ತೆಗೆದರು.

"ನಿಜ. ಹೇಳು. ಅಜ್ಜಿ ಹೆಸರು ಹನಿಯಾ, ಅಲ್ವಾ?"

"ತಡೀರಿ, ತಡೀರಿ!" ಬಾಗಿಲ ಕಡೆಯಿಂದ ಕೂಗು. ಹನಿಯಾ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಒಳಗೆ ಬಂದಳು. ಮುಖ ಕೆಂಪಾಗಿತ್ತು. "ಬರೀಬೇಡಿ ಸಾಹೇಬ್ರೇ. ಅದು ನನ್ನ ಮಾತಲ್ಲ."

"ಅಜ್ಜೀ!" ಎಂದಳು ಯಾಮ್ನಾ. "ದಿನಾ ಬೆಳಿಗ್ಗೆ ನೀನೇ ಹೇಳ್ತೀಯಲ್ಲ?"

"ಹೇಳ್ತೀನಿ ಕಣೇ, ಹೇಳದೆ ಏನು? ಆದ್ರೆ ಅದು ನನ್ನ ಅತ್ತೇದು. ಲಲ್ಲಾ ಬತೂಲ್‌ದು. ಮದುವೆಯಾಗಿ ಬಂದ ಮೊದಲನೇ ವಾರ ನಾನು ಗುರುತು ಒತ್ತೋದನ್ನ ಮರೆತು ರೊಟ್ಟಿ ಕಳಿಸಿಬಿಟ್ಟೆ. ಆವತ್ತು ಮನೆಯವರೆಲ್ಲ ಬರೀ ಆಲಿವ್ ತಿಂದು ಮಲಗಿದ್ರು. ಆಗ ಓಣಿ ತುಂಬ ಕೇಳೋ ಹಾಗೆ ಬೈದು ಅಂದಿದ್ದು ಅವಳು. ಆ ಹೆಂಗಸಿನ ನಾಲಿಗೆ! ಅವಳ ಹೆಸರು ಯಾಕೆ ಹೇಳಬೇಕು ಅಂತ ಹಟದಿಂದ ನನ್ನದೇ ಮಾತು ಅಂತ ಹೇಳ್ಕೊಂಡು ಬಂದೆ." ಹನಿಯಾ ಪೋಸ್ಟರಿನ ಕಡೆ ನೋಡಿದಳು. "ಈ ಪುಟ್ಟಿ ತನ್ನ ಸಮುದ್ರಾನೇ ಬಿಡೋಕೆ ರೆಡಿಯಾಗಿರುವಾಗ ನಾನು ಹೆಂಗೆ ಸುಮ್ಮನಿರಲಿ?"

ಇನ್‌ಸ್ಪೆಕ್ಟರ್ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಅಮ್ಮಂದಿರು ನಕ್ಕರು, ಅಲ್ಲಾಲ್ ಹಳದಿ ಕೈ ತಟ್ಟಿಕೊಂಡು ನಕ್ಕ. ಯಾರೋ ಹೆಂಗಸು ಮದುವೆಮನೆಯಲ್ಲಿ ಹಾಕುವಂತೆ ನಾಲಿಗೆ ಆಡಿಸಿ ಉಲ್ಲಾಸದ ಕೂಗು ಹಾಕಿಯೇಬಿಟ್ಟಳು.

"ಸೀ ಜಾಫರ್," ಎಂದರು ಇನ್‌ಸ್ಪೆಕ್ಟರ್, "ಇಷ್ಟು ವರ್ಷ ನಾವು ಗೋಡೆ ಮೇಲೆ ಅಂಟಿಸಿದ್ದನ್ನ ಯಾರಾದರೂ ಓದಿ ಹೀಗೆ ನಡ್ಕೊಂಡಿದ್ದು ನಾನಂತೂ ನೋಡಿಲ್ಲ. ಈ ಹುಡುಗೀನ ಅಸೀಲಾಕ್ಕೆ ಕಳಿಸಿ. ನಿಯಮದ ಮಾತು ಯಾರಾದ್ರೂ ಎತ್ತಿದ್ರೆ ನನ್ನ ಹತ್ತಿರ ಬರೋಕೆ ಹೇಳಿ."

ಯಾಮ್ನಾ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ನಾನು ಅತ್ತುಬಿಟ್ಟೆ. ಕೋಪಿಷ್ಠೆ ಎಂದು ಹೆಸರಾದವಳು ಅಷ್ಟೂ ಜನರ ಮುಂದೆ ಮೂಗೊರೆಸಿಕೊಂಡು ಅತ್ತೆ, ಏನೀಗ?

ಇಲ್ಯಾಸ್ ಎಲ್ಲರಿಗೂ ತನ್ನ ಹೆಸರನ್ನು ಬೆರಳಿಟ್ಟು ತೋರಿಸುತ್ತಿದ್ದ. "ಕಚ್ಚಿದ್ದು ನಾನು, ನೋಡಿ, ಇಲ್ಲಿದೆ, ಕಚ್ಚಿದ್ದು ನಾನು." ಯಾಮ್ನಾ ಪೆನ್ನು ತಂದು ಪೋಸ್ಟರಿನ ಮುಂದೆ ಕೂತಳು. ಹನಿಯಾಗೆ ಓದು ಬಾರದು, ಆದರೂ ಮೊಮ್ಮಗಳ ಭುಜದ ಮೇಲಿಂದ ಬಗ್ಗಿ ನಿಂತಳು.

"ನನ್ನ ಹೆಸರು ಎಲ್ಲಿದೆ?"

"ಇಲ್ಲಿ, ಅಜ್ಜಿ."

ಹನಿಯಾ ಅದನ್ನು ಬೆರಳಿಂದ ಮುಟ್ಟಿ ನೋಡಿದಳು. "ಅದನ್ನ ಹಾಗೇ ಬಿಡು. ನಾನು ಹೇಳದೆ ಇದ್ದಿದ್ರೆ ನಿನಗೆಲ್ಲಿ ಗೊತ್ತಾಗ್ತಿತ್ತು? ಅದರ ಪಕ್ಕದಲ್ಲಿ ಬರಿ, ಇವಳಿಗೆ ಹೇಳಿದ್ದು ಇವಳ ಅತ್ತೆ ಬತೂಲ್ ಅಂತ."

ಯಾಮ್ನಾ ಬರೆಯತೊಡಗಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಒಂದೇ ಗೋಡೆಯ ಮೇಲೆ ಇಬ್ಬರಿಗೂ ಕಾಲ ಬಂದಿದ್ದನ್ನು ನಾನು ನೋಡಿದ್ದು ಅಂದೇ. ಹನಿಯಾ ಉಸಿರು ಬಿಗಿಹಿಡಿದು ಒಂದೊಂದು ಅಕ್ಷರ ಮೂಡುವುದನ್ನೂ ನೋಡಿದಳು. ಕಣ್ಣಂಚು ಒದ್ದೆಯಾಗಿತ್ತು. ಆಮೇಲೆ ಥಟ್ಟನೆ ಮೊಮ್ಮಗಳ ಕೈ ಹಿಡಿದು ನಿಲ್ಲಿಸಿದಳು.

"ಏಯ್, ನನ್ನ ಹೆಸರಿಗಿಂತ ದೊಡ್ಡದಾಗಿ ಬರೀಬೇಡ!"