ಹಲ್ಡಾ ಯೋಸ್ಟಳ ಖಾಲಿ ಜಾಗ

ಆ ವರ್ಷ, ಅಂದರೆ ೧೯೩೧ರಲ್ಲಿ, ಚಾಪೆಲಿನಲ್ಲಿ ಖಾಲಿ ಜಾಗ ಗುರುತಿಸುವ ಕೆಲಸ ನನ್ನದಾಗಿತ್ತು. ಅಯೋವಾದ ನಮ್ಮ ಸಣ್ಣ ವಿಶ್ವವಿದ್ಯಾಲಯದಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಪ್ರಾರ್ಥನೆ, ಎಲ್ಲರೂ ಬರಲೇಬೇಕು. ಮನೆಹೆಸರಿನ ಇಂಗ್ಲಿಷ್ ಅಕ್ಷರದ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಜಾಗ. ಮೊದಲ ಕೀರ್ತನೆಗೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಹಾಡು ಮುಗಿದು ಕೂತರೆಂದರೆ ಬಾಗಿಲು ಹಾಕುತ್ತಿದ್ದರು, ನಾನು ಮೇಲಿನ ಅಟ್ಟಣಿಗೆಯಿಂದ ನೋಡಿ ಖಾಲಿ ಇದ್ದ ಜಾಗಕ್ಕೆ ನಕ್ಷೆಯಲ್ಲಿ ಅಡ್ಡಗೀಟು ಎಳೆಯುತ್ತಿದ್ದೆ. ವರ್ಷಕ್ಕೆ ಹನ್ನೆರಡು ಗೀಟಿಗೆ ಮಾಫಿ. ಹದಿಮೂರನೆಯದು ಬಿದ್ದರೆ ಆ ವರ್ಷ ಪದವಿ ಇಲ್ಲ.

"ಮುಖ ನೋಡ್ಬೇಡ ಆಮ್‌ಡಾಲ್, ಜಾಗ ನೋಡು" ಎಂದು ಡೀನ್ ಪ್ರೆಂಟಿಸ್ ಮೊದಲ ದಿನವೇ ಹೇಳಿದ್ದರು. "ಮುಖ ನೋಡಿದ್ರೆ ದಾಕ್ಷಿಣ್ಯ ಹುಟ್ಕೊಳ್ಳುತ್ತೆ."

ನನ್ನದು ಮೊದಲಿಂದಲೂ ಮೊಂಡು ಸ್ವಭಾವ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕೇ ಆ ಕೆಲಸಕ್ಕೆ ನನ್ನನ್ನು ಹಾಕಿದ್ದರು ಅಂತ ಕಾಣುತ್ತೆ.

ಆರ್ವಿಲ್ ಟನ್‌ಸ್ಟಡ್‌ನ ಹನ್ನೆರಡು ಗೀಟನ್ನೂ ಎಳೆದದ್ದು ನಾನೇ. ಅವನು ನಮ್ಮೂರಿನವನು, ಮೊದಲ ವರ್ಷ ನನ್ನ ಕೋಣೆಯಲ್ಲೇ ಇದ್ದವನು. ಅವರಪ್ಪ ದುಡ್ಡಿಟ್ಟಿದ್ದ ಬ್ಯಾಂಕು ಮುಳುಗಿದ ಮೇಲೆ ಊರಾಚೆ ಒಬ್ಬ ರೈತನ ಮನೆ ಸೇರಿಕೊಂಡ. ಎರಡು ಹೊತ್ತು ಹದಿನೆಂಟು ಹಸು ಕರೆದುಕೊಟ್ಟರೆ ಊಟ, ಹಾಸಿಗೆ. ಚಳಿಗಾಲದಲ್ಲಿ ಹಿಮ ತುಳಿದುಕೊಂಡು ಎರಡು ಮೈಲಿ ಓಡಿ ಬರುವಷ್ಟರಲ್ಲಿ ಎಷ್ಟೋ ದಿನ ಬಾಗಿಲು ಹಾಕಿರುತ್ತಿತ್ತು. ಮಾರ್ಚಿನಲ್ಲಿ ಹನ್ನೆರಡನೆಯ ಗೀಟು ಬಿದ್ದ ದಿನ ನನ್ನನ್ನು ಮೆಟ್ಟಿಲ ಮೇಲೆ ಹಿಡಿದುಕೊಂಡ.

"ಲೋ ಲಾಯ್ಡ್, ಬಾಗಿಲು ಹಾಕೋವಾಗ ನಾನು ಹೊಸ್ತಿಲ ಹತ್ರಾನೇ ಇದ್ದೆ. ನೀನು ಮೇಲಿಂದ ನೋಡ್ದೆ ತಾನೆ?"

"ಜಾಗ ಖಾಲಿ ಇತ್ತು ಕಣೋ."

"ಡಕೋಟಾದ ಸ್ಕೂಲ್ನೋರು ಕೆಲಸ ಕೊಟ್ಟಿದಾರೆ. ಪದವಿ ಇಲ್ದಿದ್ರೆ ಅದೂ ಇಲ್ಲ. ಅಲ್ಲಿಗೆ ನಾನು ಜೀವನಪೂರ್ತಿ ಹಸು ಬಾಲ ಹಿಡ್ಕೊಂಡಿರ್ಬೇಕು. ಗೊತ್ತಾ ನಿಂಗೆ?"

"ಗೊತ್ತು. ಇನ್ಮೇಲೆ ಬೇಗ ಬಾ."

ಅವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಅವನದು ಕಡೆಯ ಸಾಲು, ಏಳೇ ಜನ. ಒಂದು ತುದಿಗೆ ಟನ್‌ಸ್ಟಡ್, ಪಕ್ಕದಲ್ಲಿ 'ಯು' ಅಕ್ಷರದ ಅಲ್ಲೆರಿ, ಆಮೇಲೆ ನಾಲ್ವರು, ಇನ್ನೊಂದು ತುದಿಗೆ ಹಲ್ಡಾ ಯೋಸ್ಟ್. ಹಲ್ಡಾ ಪಾದ್ರಿಯ ಮಗಳು. ನಾಲ್ಕು ವರ್ಷದಲ್ಲಿ ಅವಳ ಹೆಸರಿಗೆ ಒಂದು ಗೀಟೂ ಇರಲಿಲ್ಲ. ಅಂಥವರಿಗೆ ಪದವಿ ಪ್ರದಾನದ ದಿನ ವೇದಿಕೆಗೆ ಕರೆದು, ಹೆಸರನ್ನು ಚಿನ್ನದ ಅಕ್ಷರದಲ್ಲಿ ಅಚ್ಚು ಹಾಕಿಸಿದ ಬೈಬಲ್ ಕೊಡುತ್ತಿದ್ದರು. ಹನ್ನೊಂದು ವರ್ಷದಿಂದ ಅದು ಯಾರಿಗೂ ಸಿಕ್ಕಿರಲಿಲ್ಲ. ಅವಳಪ್ಪ ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದರು. ಹಲ್ಡಾಳಿಗೆ ಟನ್‌ಸ್ಟಡ್‌ನನ್ನು ಕಂಡರೆ ಅಷ್ಟಕ್ಕಷ್ಟೆ. "ಟನ್‌ಸ್ಟಡ್ ಅವ್ರೇ, ದೇವರ ಮುಂದೆ ಬರೋವಾಗ ಬೂಟಾದ್ರೂ ತೊಳ್ಕೊಂಡ್ ಬರ್ಬಾರ್ದಾ? ಕೊಟ್ಟಿಗೇನೇ ಹೊತ್ಕೊಂಡು ಬಂದಿದೀರಲ್ಲ!" ಎಂದು ಎಲ್ಲರೆದುರು ಅಂದಿದ್ದಳು.

ಪದವಿ ಪ್ರದಾನಕ್ಕೆ ಎರಡು ವಾರವಿತ್ತು, ಒಂದು ಮಂಗಳವಾರ. ಕೀರ್ತನೆ ಶುರುವಾದಾಗ ಕಡೆಯ ಸಾಲಿನ ತುದಿಯಲ್ಲಿ ಟನ್‌ಸ್ಟಡ್ ಇರಲಿಲ್ಲ. ಎರಡನೇ ಚರಣ, ಮೂರನೇ ಚರಣ. ಬಾಗಿಲ ಕಡೆ ನೋಡಿದೆ, ಬರಲಿಲ್ಲ. ಪೆನ್ಸಿಲು ಕೈಯಲ್ಲೇ ಇತ್ತು. ಹಾಳಾದವನೇ, ಇವತ್ತೇ ಬೇಕಿತ್ತೇನೋ ನಿನಗೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ನಾಲ್ಕನೇ ಚರಣದಲ್ಲಿ ಹಲ್ಡಾ ಪಕ್ಕದವನ ಕಿವಿಯಲ್ಲಿ ಏನೋ ಅಂದಳು. ಅವನು ಅವನ ಪಕ್ಕದವನಿಗೆ ಅಂದ. ಹಾಡು ಮುಗಿಯಿತು. ಇಡೀ ಸಭೆ ದಡಬಡ ಕೂರುವಾಗ ಆ ಸಾಲಿನ ಆರೂ ಜನ ಒಂದೊಂದು ಜಾಗ ಸರಿದು ಕೂತರು. ಟನ್‌ಸ್ಟಡ್‌ನ ಜಾಗದಲ್ಲಿ ಅಲ್ಲೆರಿ. ಹೀಗೇ ಸರಿದು ಸರಿದು, ಖಾಲಿ ಉಳಿದದ್ದು ಇನ್ನೊಂದು ತುದಿ, ಹಲ್ಡಾಳ ಜಾಗ. ಅವಳು ಕತ್ತೆತ್ತಿ ನೇರ ನನ್ನನ್ನೇ ನೋಡಿದಳು.

ಡೀನ್ ಹೇಳಿದ್ದು ಜಾಗ ನೋಡು ಅಂತ. ನೋಡಿದೆ. ಯೋಸ್ಟ್ ಎಂಬ ಹೆಸರಿನ ಮೇಲೆ ಗೀಟು ಎಳೆದೆ.

ಮಧ್ಯಾಹ್ನ ಡೀನ್ ನನ್ನನ್ನೂ ಹಲ್ಡಾಳನ್ನೂ ಕರೆಸಿದರು.

"ಏನಪ್ಪಾ ಇದು ಆಮ್‌ಡಾಲ್? ಬೆಳಿಗ್ಗೆ ಬಾಗಿಲಲ್ಲಿ ಈಕೆ ನನ್ನ ಕೈ ಕುಲುಕಿ ಒಳಗೆ ಹೋದ್ಲು. ತಪ್ಪು ಗೀಟು ಎಳೆದಿದೀಯ. ಅಳಿಸು."

ನಾನು ಬಾಯಿ ತೆರೆಯುವ ಮೊದಲೇ ಹಲ್ಡಾ ಅಂದಳು, "ಗೀಟು ಸರಿಯಾಗಿದೆ ಸರ್. ನನ್ನ ಜಾಗ ಖಾಲಿ ಇತ್ತು."

"ಒಳಗೆ ಬಂದಿದ್ದೆ ತಾನೆ?"

"ನನ್ನ ಜಾಗ ಖಾಲಿ ಇತ್ತು ಸರ್."

ಪಾದ್ರಿಯ ಮಗಳು ಸುಳ್ಳು ಹೇಳುವವಳಲ್ಲ, ಹೇಳಲೂ ಇಲ್ಲ. ಡೀನ್ ನನ್ನ ಕಡೆ ತಿರುಗಿದರು. "ನೀನು ಆ ಸಾಲಲ್ಲಿ ಯಾರ್‍ಯಾರ ಮುಖ ಕಂಡೆ?"

"ಮುಖ ನೋಡ್ಬೇಡ ಅಂತ ನೀವೇ ಹೇಳಿದ್ರಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹೋಗಿ ಅಂದರು.

ಹೊರಗೆ ಅಲ್ಲೆರಿ ಕಾಯುತ್ತಿದ್ದ. "ಹಾವೂ ಸತ್ತಿತು, ಕೋಲೂ ಮುರೀಲಿಲ್ಲ!" ಎಂದು ನಕ್ಕ.

"ಮುರೀದೆ ಏನು? ಮುರಿದಿದ್ದು ನಂದು" ಎಂದಳು ಹಲ್ಡಾ. "ಯಾರಾದ್ರೂ ಟನ್‌ಸ್ಟಡ್‌ಗೆ ಬಾಯಿ ಬಿಟ್ರೋ, ಜೋಕೆ." ಅವಳ ಕಣ್ಣು ಕೆಂಪಗಿತ್ತು. ಹಾಗೆಂದವಳೇ ಹೊರಟುಹೋದಳು.

ಟನ್‌ಸ್ಟಡ್ ಸಂಜೆ ನನ್ನ ಕೋಣೆಗೆ ಬಂದ. ಅಂಗಿಯ ತೋಳೆಲ್ಲ ರಕ್ತ, ಸಗಣಿ. ಹಸುವೊಂದು ಬೆಳಗಿನ ಜಾವದಿಂದ ಈಯಲಾರದೆ ಒದ್ದಾಡಿತ್ತು. ಕರುವಿನ ಕಾಲು ಒಳಗೇ ಮಡಚಿಕೊಂಡಿತ್ತು. ರೈತ ಊರಲ್ಲಿರಲಿಲ್ಲ. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಅಲ್ಲೆರಿ ಅದನ್ನೆಲ್ಲ ಕಣ್ಣಾರೆ ನೋಡಿಕೊಂಡೇ ಚಾಪೆಲಿಗೆ ಬಂದು, ಸಾಲಿನವರಿಗೆಲ್ಲ ಹೇಳಿದ್ದ.

"ಎರಡೂ ಬದುಕಿದ್ವು" ಎಂದ ಟನ್‌ಸ್ಟಡ್. ಬಾಗಿಲಲ್ಲೇ ನಿಂತಿದ್ದ. "ನನ್ನ ಕಥೆ ಮುಗೀತಾ?"

"ನಿನ್ನ ಜಾಗ ತುಂಬಿತ್ತು. ಗೀಟು ಎಳೆದಿಲ್ಲ."

ಅವನು ನನ್ನನ್ನು ತಬ್ಬಿಕೊಂಡುಬಿಟ್ಟ. "ಲಾಯ್ಡ್, ನೀನು ಹೀಗೆ ಮಾಡ್ತೀಯ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಕಣೋ. ಎರಡು ತಿಂಗಳು ನಿನ್ನ ಬಾಯಿಗೆ ಬಂದಹಾಗೆ ಬೈದಿದೀನಿ. ಹೊಟ್ಟೆಗೆ ಹಾಕ್ಕೊ."

ನಾನಲ್ಲ ಕಣೋ ಅನ್ನಬೇಕಿತ್ತು. ಅನ್ನಲಿಲ್ಲ. ಹಲ್ಡಾ ಬಾಯಿ ಕಟ್ಟಿದ್ದಾಳಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವೇನೆಂದರೆ, ಗೆಳೆಯ ವಾಪಸು ಸಿಕ್ಕಿದ್ದ, ಅವನ ಉಪಕಾರಸ್ಮರಣೆ ಹಿತವಾಗಿತ್ತು. ಎರಡು ವಾರ ಅದನ್ನು ನಾಚಿಕೆಯಿಲ್ಲದೆ ಅನುಭವಿಸಿದೆ.

ಪದವಿ ಪ್ರದಾನದ ದಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿದ್ದರು. ಹಲ್ಡಾಳ ಅಪ್ಪ ಮುಂದಿನ ಸಾಲಿನಲ್ಲಿ ಗರಿಗರಿ ಕಾಲರು ಹಾಕಿಕೊಂಡು ಕೂತಿದ್ದರು. ಅವರಿಗೆ ಅವಳು ಏನು ಹೇಳಿದ್ದಳೋ, ಮುಖ ಬಿಗಿದುಕೊಂಡಿತ್ತು. ಟನ್‌ಸ್ಟಡ್ ವೇದಿಕೆ ಹತ್ತಿ ಪದವಿ ತಗೊಂಡು ಇಳಿದ. ಬೂಟು ಫಳಫಳ ಹೊಳೆಯುತ್ತಿತ್ತು. ಹಲ್ಡಾಳೂ ಉಳಿದವರ ಹಾಗೇ ಬರಿಯ ಪದವಿ ತಗೊಂಡು ಇಳಿದಳು. ಬೈಬಲಿನ ಮಾತೇ ಬರಲಿಲ್ಲ.

ಎಲ್ಲ ಮುಗಿದು ಟೋಪಿ ಕೈಗೆ ತಗೊಂಡು ನಿಂತಿದ್ದಾಗ ಟನ್‌ಸ್ಟಡ್ ಅವಳನ್ನು ಕೇಳಿದ. ನಾನು ಪಕ್ಕದಲ್ಲೇ ಇದ್ದೆ.

"ಯೋಸ್ಟ್ ಅವ್ರೇ, ನಿಮ್ಮ ಬೈಬಲ್ ಎಲ್ಲಿ?"

"ಒಂದು ದಿನ ನನ್ನ ಜಾಗ ಖಾಲಿ ಬಿತ್ತು."

"ನಿಮ್ದಾ! ಏನ್ರೀ, ಏನಾಗಿತ್ತು ಅಂಥಾದ್ದು?"

ಹಲ್ಡಾ ಅವನ ಬೂಟು ನೋಡಿದಳು, ಆಮೇಲೆ ಮುಖ ನೋಡಿದಳು.

"ಹಸು ಈಯ್ತಾ ಇತ್ತು" ಎಂದಳು. ಅಪ್ಪನ ಕಡೆ ನಡೆದುಹೋದಳು.

ಟನ್‌ಸ್ಟಡ್ ಅವಳು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿದೆ.