ಕತ್ತಿ ಕೈಗೆ ಕೊಡಬಾರದು

ಇವತ್ತು ಬಿಸಿಲು, ವಾರದಿಂದ ಭಾಗಮಂಡಲದ ಮೇಲೆ ಮುಸುಕು ಹಾಕಿ ಕೂತಿದ್ದ ಮಂಜು ಬೆಳಗಾಗುತ್ತಲೇ ಸಂಗಮದ ಕಡೆಯಿಂದ ಎದ್ದುಹೋಗಿದೆ, ಕಿಟಕಿಯ ಬೆಳಕು ನೇರ ಬಂದು ಅಡುಗೆಮನೆ ಗೋಡೆಯ ಆ ಮೊಳೆಯ ಮೇಲೇ ಬಿದ್ದಿದೆ, ಕತ್ತಿ ತೂಗುತ್ತಿದ್ದ ಮೊಳೆ, ಈಗ ಖಾಲಿ, ಇರಲಿ, ಇವತ್ತು ಅದನ್ನು ನೋಡಿದರೆ ಹೆದರಿಕೆಯಿಲ್ಲ, ಬೀನ್ಸ್ ಕೈಯಲ್ಲೇ ಮುರಿದರಾಯಿತು, ಟಕ್, ಟಕ್ — ಮಗ ಶಿಶಿರ ಒಳಗೆ ಮಲಗಿದ್ದಾನೆ, ಬಾಯಿ ತೆರೆದುಕೊಂಡು, ಅಪ್ಪನದೇ ಗೊರಕೆ, ಇದಕ್ಕಿಂತ ಒಳ್ಳೆಯ ಸುಪ್ರಭಾತ ಯಾವ ದೇವರಿಗೂ ಇಲ್ಲ. ಅತ್ತೆಯ ಕಾಲದ ಕತ್ತಿ ಅದು, ಹಿಡಿ ಸಡಿಲವಾಗಿ ತಾಮ್ರದ ತಂತಿ ಸುತ್ತಿದ್ದು, ಕೇಳಿದರೆ ಅತ್ತೆ ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲಿಟ್ಟು ಹಿಡಿಯನ್ನು ನನ್ನ ಕಡೆ ತಿರುಗಿಸಿ, ಎತ್ತಿಕೋ ಗೋಮತಿ, ಕೈಯಿಂದ ಕೈಗೆ ಹೋದ್ರೆ ಜಗಳ ಆಗ್ತದೆ — ಶಿಶಿರನಿಗೆ ಮಾತು ಬರುವಾಗಲೇ ಅದೂ ಬಂದುಬಿಟ್ಟಿತ್ತು, ಪೆನ್ಸಿಲ್ ಹೆರೆಯುವ ಬ್ಲೇಡನ್ನೂ ನೆಲಕ್ಕಿಡುತ್ತಿದ್ದ, ನಾವು ನಗುತ್ತಿದ್ದೆವು. ಆ ಶಿಶಿರನೇ ಮೊನ್ನೆ ಮೊಳೆಯಿಂದ ಅದನ್ನು ತೆಗೆದದ್ದು. ಕೇಳಿದೆ, ನಂಗೊತ್ತಿಲ್ಲಮ್ಮ ಅಂದ, ಊಟಕ್ಕೆ ಕೂತರೂ ಜಾಕೆಟ್ ಬಿಚ್ಚಲಿಲ್ಲ.

ಪಿಯುಸಿ ಓದುವ ಹುಡುಗನಿಗೆ ಯಾಕೆ ಬೇಕು ಕತ್ತಿ — ಪುಳಿಚಾರು, ಗಂಟೆ ಅಲ್ಲಾಡಿಸೋನು, ಅಂತ ಪುರೋಹಿತರ ಮಗನನ್ನು ಹಂಗಿಸಿ, ಕ್ಲಾಸಿನ ನಿರಂಜನ್ ಇವನ ಫೋಟೋಗೆ ಜುಟ್ಟು ಅಂಟಿಸಿ ಸ್ಟೇಟಸ್ ಹಾಕಿದನಂತೆ, ಇವನೇನು ಕಡಿಮೆ, ಅವನ ಅಮ್ಮನ ಬಗ್ಗೆ ಬರೆದನಂತೆ, ಗಂಡಸಾದ್ರೆ ಸೇತುವೆ ಹತ್ರ ಬಾ ಅಂತ ಅವನು, ಅವನ ಹತ್ರ ಚಾಕು ಉಂಟಂತೆ ಎಂದು ಇವನಿಗೆ ಯಾರೋ, ಇವನ ಹತ್ರ ಉಂಟಂತೆ ಎಂದು ಅವನಿಗೂ ಅದೇ ಯಾರೋ, ಕೆಲಸವಿಲ್ಲದ ದೊಡ್ಡ ಹುಡುಗರು, ಮೊಬೈಲು ಹಿಡಿದು ಕಾದವರು, ಒಬ್ಬನ ಹೆದರಿಕೆಯ ಮೇಲೆ ಇನ್ನೊಬ್ಬನ ಹೆದರಿಕೆಯನ್ನು ಮಸೆದರು. ಅಪ್ಪನಿಗೆ ಹೇಳಬಹುದಿತ್ತಲ್ಲೋ ಅಂದೆ, ಹೇಳಿದ್ದೆ, ಗಂಡು ಹುಡುಗ ಅಳ್ತಾ ಬರಬೇಡ ಅಂದ್ರು. ಇವರು, ಊರಿಗೆಲ್ಲ ಶಾಂತಿಮಂತ್ರ ಹೇಳುವವರು. ಆ ನಿರಂಜನನ ಅಪ್ಪನೋ ಲಾರಿಯ ಮೇಲೆ, ಅಮ್ಮ ನಾಪೋಕ್ಲಿನ ಅಂಗಡಿಯಲ್ಲಿ ಕತ್ತಲಾಗುವವರೆಗೆ, ಹುಡುಗನ ಸಂಜೆಗಳೆಲ್ಲ ಸೇತುವೆಯವರ ಪಾಲು. ನಿನ್ನೆ ಅಲ್ಲೇ, ಕತ್ತಿ ತೆಗೆದೆ ಅಮ್ಮ — ದೀಪ ಹಚ್ಚುವ ಹೊತ್ತಿಗೆ ಬಂದು, ನಗುತ್ತ ಅಳುತ್ತ ಹೇಳಿದ — ಅವನ ಹತ್ರ ಏನೂ ಇರ್ಲಿಲ್ಲ, ಆದರೆ ಮೊಬೈಲುಗಳೆಲ್ಲ ತನ್ನ ಕಡೆಗಿದ್ದವಲ್ಲ, ಹಿಂದೆ ಸರಿಯಲಾರದೆ, ಏಯ್, ಕೊಡ್ಲಾ ಇಲ್ಲಿ ಅದನ್ನ, ಅಂತ ನಿರಂಜನ್ ಕೈ ಚಾಚಿದನಂತೆ, ಚಾಚಿದ ಕೈ ಕಂಡದ್ದೇ ನನ್ನ ಮಗ ಬಗ್ಗಿ, ಕತ್ತಿಯನ್ನು ರಸ್ತೆಯ ಮೇಲಿಟ್ಟು, ಹಿಡಿ ಅವನ ಕಡೆಗೆ ತಿರುಗಿಸಿ, ಕೈಗೆ ಕೊಟ್ರೆ ಜಗಳ ಆಗ್ತದೆ ಮಾರಾಯ, ಅಂದುಬಿಟ್ಟನಂತೆ. ಜಗಳಕ್ಕೇ ಬಂದವರು. ನಿರಂಜನ್ ಹೊಟ್ಟೆ ಹಿಡಿದುಕೊಂಡು ನಗುತ್ತ ಅಲ್ಲೇ ಕೂತುಬಿಟ್ಟನಂತೆ, ನಮ್ಮಜ್ಜಿನೂ ಹಿಂಗೇ ಅಂತಾಳೆ ಕಣ್ಲಾ, ಇವನೂ ಪಕ್ಕದಲ್ಲಿ ಕೂತು ನಕ್ಕನಂತೆ, ದೊಡ್ಡವರು ಥೂ ಅಂತ ಮೊಬೈಲು ಜೇಬಿಗಿಟ್ಟರಂತೆ. ಗೆದ್ದರು ನಮ್ಮತ್ತೆ, ಬೂದಿಯಾಗಿ ಸಂಗಮದಲ್ಲಿ ಕರಗಿ ಇಷ್ಟು ವರ್ಷಕ್ಕೆ, ಗೆದ್ದರು, ಅಮ್ಮಾ ಕಾವೇರಿ, ಎರಡು ಮನೆಯ ಮಕ್ಕಳು ಉಳಿದವು. ಕತ್ತಿ ಎಲ್ಲೋ ಅಂದೆ, ಬಸ್ಸಲ್ಲಿ ತರೋಕೆ ಹೆದರಿಕೆಯಾಯ್ತು, ನಿರಂಜನನೇ ಎತ್ತಿಕೊಂಡ, ನಾಳೆ ತಂದು ಕೊಡ್ತಾನಂತೆ.

ಬಸ್ಸು ನಿಂತ ಸದ್ದು, ಗೇಟು ಕಿರ್ರೆನ್ನುತ್ತದೆ, ಮೀಸೆ ಈಗಷ್ಟೇ ಮೂಡಿದ ಹುಡುಗ, ಕೈಯಲ್ಲಿ ಪೇಪರು ಸುತ್ತಿದ ಪೊಟ್ಟಣ, ನಿರಂಜನನೇನಪ್ಪ, ಹೂಂ ಆಂಟಿ, ಒಳಗೆ ಬಾ, ಕಾಫಿ ಕುಡಿ ಅನ್ನಬೇಕು, ಬದಲಿಗೆ ಬೀನ್ಸಿನ ಕೈಯನ್ನು ಹಾಗೇ ಚಾಚಿಬಿಟ್ಟಿದ್ದೇನೆ, ನಾನು, ಆ ಅತ್ತೆಯ ಸೊಸೆ, ಕೈ ಚಾಚಿ ನಿಂತಿದ್ದೇನೆ — ಅವನು ಕೈ ನೋಡುತ್ತಾನೆ, ಕೊಡುವುದಿಲ್ಲ, ಪೇಪರು ಬಿಚ್ಚಿ, ಬಗ್ಗಿ, ಮೆಟ್ಟಿಲ ಮೇಲಿಟ್ಟು ಮೆಲ್ಲಗೆ ತಿರುಗಿಸುತ್ತಾನೆ, ಬಿಸಿಲಲ್ಲಿ ತಾಮ್ರದ ತಂತಿ, ಹಿಡಿ ನನ್ನ ಕಡೆಗೆ, ಹಿಡಿ ನನ್ನ ಕಡೆಗೆ